ಬಡಮರಿಯ ಆರೈಕೆ

ಸಂತೆಗೆ ಹೋಗಿ ಬಂದ ಮಗುವಿನ ಕೈಚೀಲದೊಳಗಿಂದ ‘ಚಿಂವ್ ಚಿಂವ್’ ಎಂಬ ದನಿ ಕೇಳಿಬಂದರೆ ಮನೆಯ ತಾಯಿಗೆ ಅರ್ಧ ನಗೆ, ಅರ್ಧ ಚಿಂತೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ನಮ್ಮ ಊರುಗಳಲ್ಲಿ ಇದು ಹೊಸ ಪ್ರಸಂಗವೇನೂ ಅಲ್ಲ. ಸಂತೆಯಲ್ಲಿ, ಜಾತ್ರೆಯಲ್ಲಿ ಗುಲಾಬಿ, ಹಸಿರು, ಹಳದಿ ಬಣ್ಣ ಬಳಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿ ತುಂಬಿಟ್ಟು ಮಾರುವವರು ಇರುತ್ತಾರೆ. ಮಗು ಹಟ ಹಿಡಿಯುತ್ತದೆ, ದೊಡ್ಡವರು ಸೋಲುತ್ತಾರೆ. ಆ ರಾತ್ರಿ ಮರಿಯನ್ನು ಅಡಿಗೆಮನೆಯ ಮೂಲೆಯಲ್ಲಿ ಒಂದು ಪೆಟ್ಟಿಗೆಯಲ್ಲಿಟ್ಟು, ಮುಂದೆ ಒಂದು ಹಿಡಿ ಅಕ್ಕಿ ಚೆಲ್ಲಿ ಎಲ್ಲರೂ ಮಲಗುತ್ತಾರೆ. ಬೆಳಗಾಗುವಷ್ಟರಲ್ಲಿ ಮರಿ ಸೆಟೆದುಕೊಂಡಿರುತ್ತದೆ. ಮಗು ಅಳುತ್ತದೆ. “ಅಳಬ್ಯಾಡವ್ವಾ, ಅದರ ಆಯುಷ್ಯ ಅಷ್ಟ ಇತ್ತು” ಎಂದು ಆಯಿ ಸಮಾಧಾನ ಹೇಳುತ್ತಾಳೆ.

ಆಯಿಯ ಮಾತಿನಲ್ಲಿ ಕರುಣೆ ಉಂಟು, ಆದರೆ ನಿಜ ಕಡಿಮೆ. ಅದರ ಆಯುಷ್ಯ ಅಷ್ಟೇ ಇರಲಿಲ್ಲ. ಇಂಥ ಮರಿಗಳಲ್ಲಿ ಅನೇಕವು ಸಾಯುವುದು ದೊಡ್ಡ ರೋಗದಿಂದಲ್ಲ, ಚಳಿಯಿಂದ ಮತ್ತು ಬಾಯಾರಿಕೆಯಿಂದ. ಈ ಎರಡನ್ನೂ ತಡೆಯುವ ಸಾಧನ ಪ್ರತಿಯೊಂದು ಮನೆಯಲ್ಲಿಯೂ ಇದೆ. ಇನ್ನು ಊರ ಅಂಚಿನ ಓಣಿಗಳಲ್ಲಿ, ಹೊಲದ ವಸತಿಗಳಲ್ಲಿ ಹೇಂಟೆಯ ಕೆಳಗೆ ಹತ್ತು ಹನ್ನೆರಡು ತತ್ತಿಗಳನ್ನಿಟ್ಟು ಕಾವಿಗೆ ಕೂಡ್ರಿಸಿದ ಹೆಣ್ಣುಮಗಳಿಗೆ ಒಂದೊಂದು ಮರಿಯೂ ಮುಂದಿನ ತಿಂಗಳುಗಳ ಉಪ್ಪು, ಎಣ್ಣೆ, ಮಗುವಿನ ಪಾಟೀಚೀಲ. ಆದುದರಿಂದ ಬಡಮರಿಯನ್ನು ಉಳಿಸಿಕೊಳ್ಳುವ ಬಗೆಯನ್ನು ಅರಿತಿರುವುದು ಆಟಕ್ಕೂ ಉಂಟು, ಆದಾಯಕ್ಕೂ ಉಂಟು.

ಮರಿ ಬಡವಾಗಿ ಬರುವುದೇಕೆ?

ಕೋಳಿಯ ತತ್ತಿ ಒಡೆದು ಮರಿ ಹೊರಬರಲು ೨೧ ದಿನ ಬೇಕು. ಹೊರಬೀಳುವ ಮುನ್ನ ಕೊನೆಯ ಎರಡು ಮೂರು ದಿನಗಳಲ್ಲಿ ತತ್ತಿಯೊಳಗಿನ ಹಳದಿ ಭಂಡಾರವನ್ನು ಮರಿ ತನ್ನ ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಹುಟ್ಟಿದ ಮೇಲೆ ಎರಡರಿಂದ ಮೂರು ದಿನ ಅದು ಈ ಬುತ್ತಿಯ ಮೇಲೆಯೇ ಜೀವ ಹಿಡಿದುಕೊಂಡಿರಬಲ್ಲದು. ಆದ್ದರಿಂದಲೇ ಮರಿಗಳನ್ನು ಅನ್ನನೀರಿಲ್ಲದೆ ದೂರದ ಊರುಗಳಿಗೆ ಪೆಟ್ಟಿಗೆಯಲ್ಲಿ ಕಳಿಸಲು ಸಾಧ್ಯವಾಗಿದೆ. ತತ್ತಿ ಇಡುವ ಜಾತಿಯ ಕೋಳಿಗಳನ್ನು ಹುಟ್ಟಿಸುವ ಕಡೆ ಹುಂಜದ ಮರಿಗಳು ಬೇಡವಾಗುತ್ತವೆ. ಬಣ್ಣ ಬಳಿಸಿಕೊಂಡು ಸಂತೆಗೆ ಬರುವುವು ಬಹುಮಟ್ಟಿಗೆ ಇವೇ. ನಿಮ್ಮ ಮಗುವಿನ ಕೈಗೆ ಬರುವ ಹೊತ್ತಿಗೆ ಆ ಬುತ್ತಿ ಮುಗಿಯುತ್ತ ಬಂದಿರುತ್ತದೆ. ಮರಿ ಹಸಿದು, ಬಾಯಾರಿ, ಬಿಸಿಲಿನಲ್ಲಿ ಬೆಂದು ಬಂದಿರುತ್ತದೆ. ಅದು ಮನೆಗೆ ಬಂದ ಮೊದಲ ಒಂದು ತಾಸು ಬಲು ಮುಖ್ಯವಾದದ್ದು.

ಮನೆಯ ಹೇಂಟೆಯ ಮರಿಗಳಲ್ಲಿಯೂ ಒಂದೆರಡು ಹಿಂದುಳಿಯುವುದುಂಟು. ಎಲ್ಲ ಮರಿಗಳೂ ಹೊರಬಂದ ಮೇಲೆ ಒಂದು ಮಾತ್ರ ತತ್ತಿಗೆ ತೂತು ಕೊರೆದು ಸುಮ್ಮನಿರುತ್ತದೆ. ಆಗ ಕೈ ತಡೆಯುವುದಿಲ್ಲ. ಚಿಪ್ಪು ಸುಲಿದು ಹೊರಗೆ ತೆಗೆಯೋಣವೆನಿಸುತ್ತದೆ. ಅವಸರ ಬೇಡ. ತೂತು ಕೊರೆದ ಮೇಲೆ ಹೊರಬರಲು ಒಂದು ಹಗಲು ಒಂದು ರಾತ್ರಿ ಹಿಡಿಯುವುದು ಸಹಜ. ಆ ಅವಧಿಯಲ್ಲಿಯೇ ಚಿಪ್ಪಿನ ಒಳಪೊರೆಯ ರಕ್ತ ಹಾಗೂ ಉಳಿದ ಹಳದಿ ಮರಿಯ ಮೈಗೆ ಸೇರುತ್ತಿರುತ್ತವೆ. ಬಲವಂತವಾಗಿ ಸುಲಿದರೆ ರಕ್ತ ಒಸರಿ ಮರಿ ಸಾಯುತ್ತದೆ.

ಮೊದಲು ಕಾವು, ಆಮೇಲೆ ಕಾಳು

ಬಡಮರಿಯ ಆರೈಕೆಯ ಮೊದಲ ಸೂತ್ರ ಇದೇ. ಕೋಳಿಮರಿಗೆ ಮೈತುಂಬ ತುಪ್ಪುಳವಿದ್ದರೂ ಮೊದಲ ಎರಡು ವಾರ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಅದಕ್ಕೆ ಸಾಲದು. ತಾಯಿಯ ರೆಕ್ಕೆಯ ಕೆಳಗಿನ ಬೆಚ್ಚನೆಯೇ ಅದರ ಅರ್ಧ ಆಹಾರ. ತಾಯಿ ಇಲ್ಲದಾಗ ಆ ಬೆಚ್ಚನೆಯನ್ನು ನಾವು ಒದಗಿಸಬೇಕು. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ ೩೫ ಡಿಗ್ರಿ ಸೆಂಟಿಗ್ರೇಡ್, ಅಂದರೆ ೯೫ ಡಿಗ್ರಿ ಫ್ಯಾರನ್‌ಹೀಟ್ ಶಾಖ ಬೇಕು. ಮುಂದೆ ವಾರಕ್ಕೆ ಸುಮಾರು ೩ ಡಿಗ್ರಿ ಸೆಂಟಿಗ್ರೇಡಿನಂತೆ ಇಳಿಸುತ್ತ ಹೋಗಬಹುದು. ಡಿಸೆಂಬರ್, ಜನೇವರಿ ತಿಂಗಳಲ್ಲಿ ನಮ್ಮ ಬಯಲುಸೀಮೆಯ ರಾತ್ರಿ ಎಷ್ಟು ತಣ್ಣಗಿರುತ್ತದೆಂಬುದನ್ನು ನೆನೆದರೆ ಮರಿಯ ಕಷ್ಟ ತಿಳಿದೀತು.

ಒಣದ್ರಾಕ್ಷಿ ತುಂಬಿ ಬಂದ ರಟ್ಟಿನ ಪೆಟ್ಟಿಗೆಯೊಂದು ಸಾಕು. ತಳಕ್ಕೆ ಗೋಣಿತಟ್ಟಿನ ತುಂಡನ್ನೋ ಹಳೆಯ ಕೌದಿಯ ತುಂಡನ್ನೋ ಹಾಸಿರಿ. ವೃತ್ತಪತ್ರಿಕೆಯ ಹಾಳೆ ಬೇಡ. ಅದು ಜಾರುತ್ತದೆ, ಜಾರಿದ ಮರಿಯ ಕಾಲು ಸೊಟ್ಟಗಾಗುತ್ತದೆ. ಪೆಟ್ಟಿಗೆಯ ಒಂದು ಬದಿಗೆ, ತಳದಿಂದ ಒಂದರಿಂದ ಒಂದೂವರೆ ಅಡಿ ಮೇಲೆ, ೪೦ ವ್ಯಾಟಿನ ಹಳೆಯ ಬಗೆಯ ತಂತಿಯ ಬಲ್ಬನ್ನು ತೂಗುಬಿಡಬೇಕು. ಅದು ರಟ್ಟಿಗಾಗಲಿ ಬಟ್ಟೆಗಾಗಲಿ ತಾಕದಂತೆ, ಕಳಚಿ ಬೀಳದಂತೆ ಭದ್ರವಾಗಿ ಕಟ್ಟಿರಿ. ಬೆಂಕಿಯ ಭಯ ಉಂಟು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈಗ ಮನೆಮನೆಯಲ್ಲಿರುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಮರಿಗೆ ಸಾಕಾಗುವಷ್ಟು ಶಾಖ ಕೊಡುವುದಿಲ್ಲ. ದೀಪ ಉರಿಯುತ್ತಿದೆಯಲ್ಲ ಎಂದು ನಂಬಿ ಮಲಗಿದವರು ಬೆಳಿಗ್ಗೆ ತಣ್ಣಗಾದ ಮರಿಯನ್ನು ಕಾಣುತ್ತಾರೆ.

ಬಲ್ಬು ಒಂದೇ ಬದಿಗಿರಲಿ, ಇನ್ನೊಂದು ಬದಿ ತಂಪಾಗಿರಲಿ. ತನಗೆ ಹಿತವಾದ ಜಾಗವನ್ನು ಮರಿಯೇ ಆರಿಸಿಕೊಳ್ಳುತ್ತದೆ. ಉಷ್ಣಮಾಪಕವಿಲ್ಲದಿದ್ದರೂ ಚಿಂತೆಯಿಲ್ಲ, ಮರಿಗಳೇ ಉಷ್ಣಮಾಪಕ. ಅವು ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಕೂತರೆ ಶಾಖ ಸಾಲದು. ಬಲ್ಬಿನಿಂದ ದೂರ ಸರಿದು, ರೆಕ್ಕೆ ಅಗಲಿಸಿ, ಬಾಯಿ ತೆರೆದು ಏದುಸಿರು ಬಿಟ್ಟರೆ ಶಾಖ ಹೆಚ್ಚಾಯಿತು. ಎಲ್ಲವೂ ಒಂದೇ ಮೂಲೆಗೆ ಸರಿದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಅಲ್ಲಲ್ಲಿ ಹರಡಿಕೊಂಡು ಕೆದರುತ್ತಿದ್ದರೆ ಎಲ್ಲವೂ ಸರಿಯಾಗಿದೆ. ರೇಡಿಯೋ ಕೇಳಿ ಪಳಗಿದ ಕಿವಿಗೆ ಇನ್ನೊಂದು ಗುರುತು ಹೇಳಬಹುದು. ಸುಖವಾಗಿರುವ ಮರಿ ಮೆಲ್ಲನೆ, ಬಿಟ್ಟು ಬಿಟ್ಟು ಗುನುಗುತ್ತದೆ. ಚಳಿಯಾದ ಮರಿ, ಒಂಟಿಯಾದ ಮರಿ ಬಿಡದೆ ಕಿರುಚುತ್ತದೆ. ಕಿರುಚುತ್ತಿದ್ದ ಮರಿ ಒಮ್ಮೆಲೆ ಮೌನವಾದರೆ ಸಮಾಧಾನಪಡಬೇಡಿ. ಎದ್ದು ಹೋಗಿ ನೋಡಿರಿ.

ವಿದ್ಯುತ್ತು ಹೋದರೆ? ಬಿಸಿನೀರು ತುಂಬಿ ಬಿರಡೆ ಬಿಗಿದ ಸೀಸೆಯನ್ನು ಕೌದಿಯ ತುಂಡಿನಲ್ಲಿ ಸುತ್ತಿ ಮರಿಯ ಪಕ್ಕದಲ್ಲಿಡಿ. ನೀರು ಆರಿದಂತೆ ಬದಲಿಸುತ್ತಿರಿ. ಕೆಂಡ ತುಂಬಿದ ಶೇಗಡಿಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಡಲೇಬಾರದು. ಅದರ ಕಾಣದ ವಿಷಗಾಳಿ ಮರಿಗೆ ಮಾತ್ರವಲ್ಲ, ಅಲ್ಲಿ ಮಲಗಿದ ಮಕ್ಕಳ ಜೀವಕ್ಕೂ ಅಪಾಯ. ನೆರೆಮನೆಯಲ್ಲಿ ಮರಿಗಳನ್ನು ಆಡಿಸುತ್ತಿರುವ ಹೇಂಟೆಯಿದ್ದರೆ, ನಿಮ್ಮ ಮರಿ ಅದೇ ವಯಸ್ಸಿನದಾಗಿದ್ದು ರೋಗದ ಲಕ್ಷಣವಿಲ್ಲದಿದ್ದರೆ, ರಾತ್ರಿಯ ಕತ್ತಲಲ್ಲಿ ಮೆಲ್ಲಗೆ ಅದರ ರೆಕ್ಕೆಯಡಿ ಸರಿಸಿಬಿಡುವುದು ಎಲ್ಲಕ್ಕಿಂತ ಉತ್ತಮ. ಬೆಳಿಗ್ಗೆ ಅದು ಮರಿಯನ್ನು ಕುಟುಕದೆ ಇಟ್ಟುಕೊಂಡಿತೋ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಎಪ್ರಿಲ್, ಮೇ ತಿಂಗಳ ಕಥೆ ಬೇರೆ. ಉಷ್ಣತೆ ೪೦ ಡಿಗ್ರಿ ದಾಟುವ ನಮ್ಮ ಹಗಲಿನಲ್ಲಿ ಬಲ್ಬು ಬೇಡವೇ ಬೇಡ. ಪೆಟ್ಟಿಗೆಯನ್ನು ನೆರಳಿಗೆ ಒಯ್ದು, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ಕುಡಿಯಲು ಗಡಿಗೆಯ ನೀರಿಡಿ. ಬಿಸಿಲಿಗೆ ಸೋತ ಮರಿಯನ್ನು ತಣ್ಣೀರಿನಲ್ಲಿ ಮುಳುಗಿಸಬಾರದು. ಕಾಲಿಗೆ ಮಾತ್ರ ತುಸು ನೀರು ಸವರಿದರೆ ಸಾಕು.

ನೀರು ಕುಡಿಸುವ ಬಗೆ

ಮೈ ಬೆಚ್ಚಗಾದ ಮೇಲೆ ನೀರು. ತಣ್ಣಗಾದ ಮರಿಯ ಹೊಟ್ಟೆ ಏನನ್ನೂ ಅರಗಿಸಿಕೊಳ್ಳಲಾರದಾದ್ದರಿಂದ ಈ ಕ್ರಮವನ್ನು ತಪ್ಪಿಸಕೂಡದು. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಒಂದು ಚಹಾ ಚಮಚೆ ಸಕ್ಕರೆ ಅಥವಾ ಬೆಲ್ಲ ಕರಗಿಸಿ ಮೊದಲ ದಿನ ಕೊಡಬಹುದು. ಮರುದಿನದಿಂದ ಬರಿ ನೀರೇ ಸಾಕು.

ಚಿಕ್ಕಂದಿನಲ್ಲಿ ನಾನೊಂದು ತಪ್ಪು ಮಾಡಿದ್ದೆ. ತೂಕಡಿಸುತ್ತಿದ್ದ ಮರಿಯ ಕೊಕ್ಕನ್ನು ಬಿಡಿಸಿ, ಚಮಚೆಯಿಂದ ಪ್ರೀತಿಯಿಂದಲೇ ನೀರು ಸುರಿದೆ. ಅದು ಎರಡು ಸಲ ತಲೆ ಕೊಡವಿ ನನ್ನ ಅಂಗೈಯಲ್ಲಿಯೇ ಪ್ರಾಣ ಬಿಟ್ಟಿತು. ಹಕ್ಕಿಯ ನಾಲಗೆಯ ಬುಡದಲ್ಲಿಯೇ ಉಸಿರುನಾಳದ ಬಾಯಿ ತೆರೆದಿರುತ್ತದೆಂಬುದು, ನಾನು ಸುರಿದ ನೀರು ಹೊಟ್ಟೆಗಲ್ಲ, ಎದೆಗೆ ಹೋಯಿತೆಂಬುದು ಬಹಳ ವರ್ಷಗಳ ಮೇಲೆ ತಿಳಿಯಿತು. ಆದ್ದರಿಂದ ಬಾಯೊಳಗೆ ಸುರಿಯಬೇಡಿ. ಕೊಕ್ಕಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿರಿ, ಇಲ್ಲವೆ ಕೊಕ್ಕಿನ ಪಕ್ಕಕ್ಕೆ ಬೆರಳಿನಿಂದ ಒಂದೊಂದೇ ಹನಿ ಸವರಿರಿ. ಮರಿ ತಾನೇ ತಲೆಯೆತ್ತಿ ನುಂಗುತ್ತದೆ. ನುಂಗಲು ಆಗದಷ್ಟು ಸೋತಿದ್ದರೆ ಇನ್ನಷ್ಟು ಕಾವು ಕೊಟ್ಟು ಕಾಯಬೇಕು.

ನೀರಿನ ತಟ್ಟೆ ಆಳವಿರಬಾರದು. ಡಬ್ಬಿಯ ಮುಚ್ಚಳದಲ್ಲಿ ನಾಲ್ಕಾರು ಹರಳು ಹಾಕಿ ನೀರು ತುಂಬಿದರೆ ಮರಿ ಅದರಲ್ಲಿ ಬಿದ್ದು ತೋಯುವುದಿಲ್ಲ. ಡೋಣಿ ನದಿಯ ದಂಡೆಯ ಊರುಗಳಲ್ಲಿ, ಇನ್ನೂ ಹಲವು ಕಡೆಗಳಲ್ಲಿ ನೀರು ಸವಳು. ಉಪ್ಪು ಮರಿಗೆ ವಿಷಕ್ಕೆ ಸಮಾನ. ನೀವು ಕುಡಿಯುವ ಸಿಹಿನೀರನ್ನೇ ಮರಿಗೂ ಕೊಡಿ; ದಿನಕ್ಕೆ ಅದು ಕುಡಿಯುವುದು ಒಂದೆರಡು ಚಮಚೆಯಷ್ಟೆ. ಹಾಲು, ಚಹಾ, ಉಪ್ಪಿನಕಾಯಿ ಬೆರೆತ ಎಂಜಲನ್ನ ಇವು ಯಾವುವೂ ಸಲ್ಲವು.

ಏನು ತಿನ್ನಿಸಬೇಕು?

ಪೇಟೆಯಲ್ಲಿ ಮರಿಗಳಿಗಾಗಿಯೇ ತಯಾರಾದ ಆಹಾರ ದೊರೆತರೆ ಅದೇ ಲೇಸು. ದೊರೆಯದಿದ್ದರೆ ನಮ್ಮ ಬಿಳಿಜೋಳದ ಸಣ್ಣ ನುಚ್ಚು, ಸಜ್ಜೆಯ ನುಚ್ಚು, ಪುಟಾಣಿ ಹಿಟ್ಟು ಒಳ್ಳೆಯವು. ಬೇಯಿಸಿದ ತತ್ತಿಯ ಹಳದಿಯನ್ನು ಪುಡಿಮಾಡಿ ಚಿಟಿಕೆಯಷ್ಟು ಬೆರೆಸಿದರೆ ಬಡಮರಿ ಬೇಗ ಚೇತರಿಸುತ್ತದೆ. ತತ್ತಿ ಮುಟ್ಟದ ಮನೆಯವರು ಮೊಳಕೆಯೊಡೆದ ಹೆಸರುಕಾಳನ್ನು ಜಜ್ಜಿ ಕೊಡಬಹುದು. ಮೆಂತೆಸೊಪ್ಪನ್ನು ತೀರ ಸಣ್ಣಗೆ ಹೆಚ್ಚಿ ತುಸು ಉದುರಿಸಿರಿ. ತಿನ್ನಲರಿಯದ ಮರಿಯ ಮುಂದೆ ಬೆರಳ ತುದಿಯಿಂದ ಕಾಳನ್ನು ಕುಟುಕಿದಂತೆ ಸದ್ದು ಮಾಡಿದರೆ, ತಾಯಿ ಕರೆದಳೆಂದು ಬಗೆದು ಅದೂ ಕುಟುಕತೊಡಗುತ್ತದೆ.

ಬರಿಯ ಬಿಳಿ ಅಕ್ಕಿಯ ಮೇಲೆ ಮರಿಯನ್ನು ಬೆಳೆಸಬಾರದು. ಇದರ ಹಿಂದೆ ಜಗತ್ಪ್ರಸಿದ್ಧವಾದ ಕಥೆಯೊಂದಿದೆ. ೧೮೯೦ರ ಹೊತ್ತಿಗೆ ಜಾವಾ ದ್ವೀಪದಲ್ಲಿ ಕ್ರಿಶ್ಚಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗವನ್ನು ಕುರಿತು ಶೋಧಿಸುತ್ತಿದ್ದರು. ಅವರ ಕೋಳಿಗಳಿಗೆ ಕಾಲು ಸೋತು ನಡೆಯಲಾರದಂತಾಯಿತು. ಪಾಲಿಶ್ ಮಾಡಿದ ಅಕ್ಕಿಯ ಅನ್ನ ತಿಂದಾಗ ರೋಗ ಬರುತ್ತದೆ, ತೌಡಿರುವ ಅಕ್ಕಿ ಕೊಟ್ಟರೆ ವಾಸಿಯಾಗುತ್ತದೆ ಎಂಬುದು ಬಯಲಾಯಿತು. ಜೀವಸತ್ವಗಳ ಅರಿವಿಗೆ ದಾರಿ ತೆರೆದ ಈ ಕಾರ್ಯಕ್ಕಾಗಿ ೧೯೨೯ರಲ್ಲಿ ಐಕ್‌ಮನ್ನರಿಗೆ ನೊಬೆಲ್ ಪಾರಿತೋಷಕ ಬಂದಿತು. ತೌಡಿನಲ್ಲಿರುವ ಆ ಬಿ ಜೀವಸತ್ವ ಸಿಪ್ಪೆ ಸಹಿತವಾದ ನಮ್ಮ ಜೋಳದ ನುಚ್ಚಿನಲ್ಲಿಯೂ ಇದೆ.

ಶೇಂಗಾ ಹಿಂಡಿಯ ವಿಷಯದಲ್ಲಿ ಎಚ್ಚರವಿರಲಿ. ಬೂಸು ಹಿಡಿದ ಹಿಂಡಿ, ಮುಗ್ಗಿದ ಕಾಳು ಮರಿಯ ಯಕೃತ್ತನ್ನು ಹಾಳುಮಾಡುತ್ತವೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿಕೋಳಿಗಳು ಸತ್ತುಬಿದ್ದವು. ಕಾರಣ ಹುಡುಕಿದಾಗ ಅವು ತಿಂದ ಶೇಂಗಾ ಹಿಂಡಿಯ ಬೂಸಿನಲ್ಲಿ ವಿಷ ಸಿಕ್ಕಿತು. ಅದಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದುದು ಆಗಲೇ. ಮಳೆಗಾಲದಲ್ಲಿ ಮೂಲೆಯಲ್ಲಿ ಉಳಿದ ಹಿಂಡಿಯನ್ನು ‘ಮರಿಗಾದರೂ ಆದೀತು’ ಎಂದು ಹಾಕಬೇಡಿ.

ಕೈಯಿಂದಲೇ ಸರಿಪಡಿಸಬಹುದಾದ ತೊಂದರೆಗಳು

ಮೊದಲನೆಯದು ಹಿಕ್ಕೆ ಅಂಟಿಕೊಳ್ಳುವುದು. ಚಳಿ, ಸೆಕೆ, ಪ್ರಯಾಣದ ಆಯಾಸಗಳಿಂದ ಮರಿಯ ಹಿಕ್ಕೆ ಬಾಲದ ಕೆಳಗೆ ಅಂಟಿ ಒಣಗಿ ದ್ವಾರವನ್ನೇ ಮುಚ್ಚಿಬಿಡುತ್ತದೆ. ಹಾಗೆಯೇ ಬಿಟ್ಟರೆ ಮರಿ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಒಣಗಿದ್ದನ್ನು ಕಿತ್ತರೆ ತೊಗಲು ಹರಿಯುತ್ತದೆ. ಬೆಚ್ಚನೆಯ ನೀರಿನಲ್ಲಿ ಅದ್ದಿದ ಅರಳೆಯನ್ನು ಒತ್ತಿ ಹಿಡಿದು, ನೆನೆದ ಮೇಲೆ ಮೆಲ್ಲಗೆ ಒರೆಸಿ ತೆಗೆದು, ಮೈ ಪೂರ್ತಿ ಒಣಗಿಸಿ, ತುಸು ಕೊಬ್ಬರಿ ಎಣ್ಣೆ ಸವರಿರಿ. ಹೊಟ್ಟೆಯ ಕೆಳಭಾಗದಲ್ಲಿ ಕಾಣುವ ಹೊಕ್ಕಳ ಹಕ್ಕಳೆಯನ್ನು ಮಾತ್ರ ಮುಟ್ಟಬಾರದು. ಅದು ತಾನಾಗಿ ಉದುರುತ್ತದೆ.

ಎರಡನೆಯದು ಕಾಲು ಅಗಲಿಸಿಕೊಳ್ಳುವುದು. ಎರಡೂ ಕಾಲುಗಳು ಎಡಕ್ಕೂ ಬಲಕ್ಕೂ ಜಾರಿ ಮರಿ ಎದೆಯ ಮೇಲೆ ಕೂತುಬಿಡುತ್ತದೆ. ಹುಟ್ಟಿದ ಮೊದಲ ಕೆಲವು ದಿನಗಳಲ್ಲಿಯೇ ಕೈಹಾಕಿದರೆ ಇದು ಬಹಳಮಟ್ಟಿಗೆ ಸರಿಹೋಗುತ್ತದೆ. ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಎರಡೂ ಕಾಲುಗಳನ್ನು ನಡುವೆ ಒಂದು ಅಂಗುಲ ಬಿಟ್ಟು ಸಡಿಲವಾಗಿ ಜೋಡಿಸಿ ಕಟ್ಟಿರಿ. ಕಾಲು ಊದಿತೋ ಎಂದು ದಿನಕ್ಕೆ ಎರಡು ಸಲ ನೋಡಿರಿ. ಮೂರರಿಂದ ಐದು ದಿನಗಳಲ್ಲಿ ಮರಿ ನೆಟ್ಟಗೆ ನಿಲ್ಲತೊಡಗುತ್ತದೆ. ತಳದಲ್ಲಿ ಒರಟು ಹಾಸು ಇಲ್ಲದಿದ್ದರೆ ಈ ಶ್ರಮವೆಲ್ಲ ವ್ಯರ್ಥ.

ಮೂರನೆಯದು ತೋಯ್ದ ಮರಿ. ಮಳೆಗೋ ನೀರಿನ ತಟ್ಟೆಗೋ ಸಿಕ್ಕಿ ತೋಯ್ದು ಕಣ್ಣು ಮುಚ್ಚಿದ ಮರಿ ಸತ್ತಿತೆಂದು ಕೈಬಿಡಬೇಡಿ. ಒಣಬಟ್ಟೆಯಿಂದ ಒರೆಸಿ ಅಂಗೈಗಳ ನಡುವೆ ಹಿಡಿದು ಬಲ್ಬಿನ ಹತ್ತಿರ ನಿಧಾನವಾಗಿ ಬೆಚ್ಚಗೆ ಮಾಡಿರಿ. ಒಲೆಯ ಬಾಯಿಗೆ ಹಿಡಿಯುವುದು ಬೇಡ. ಅರ್ಧ ತಾಸಿನಲ್ಲಿ ಕಣ್ಣು ತೆರೆದ ಮರಿಗಳು ಎಷ್ಟೋ.

ಇವಲ್ಲದೆ ಇರುವೆಗಳನ್ನು ಮರೆಯಬಾರದು. ಏಳಲಾರದ ಮರಿಯ ಕಣ್ಣು, ಹೊಕ್ಕಳುಗಳಿಗೆ ಅವು ರಾತ್ರಿ ಮುತ್ತುತ್ತವೆ. ಪೆಟ್ಟಿಗೆಯನ್ನು ಸ್ಟೂಲಿನ ಮೇಲಿಟ್ಟು ಅದರ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿರಿ. ಬೆಕ್ಕು, ಇಲಿಗಳಿಗೆ ಮೇಲೊಂದು ಜಾಳಿಗೆ ಮುಚ್ಚಿರಿ. ಬಡಮರಿಯನ್ನು ಗಟ್ಟಿಮರಿಗಳಿಂದ ಬೇರೆ ಇಡಬೇಕು, ಏಕೆಂದರೆ ರಕ್ತದ ಕಲೆ ಕಂಡರೆ ಉಳಿದವು ಕುಟುಕಿ ಕೊಲ್ಲುತ್ತವೆ. ಆದರೆ ಅವುಗಳ ದನಿ ಕೇಳುವಷ್ಟು ಹತ್ತಿರದಲ್ಲಿರಲಿ.

ಮನೆಯ ಮದ್ದು ಸಾಲದೆಡೆ

ಕೆಲವು ಲಕ್ಷಣಗಳನ್ನು ಕಂಡಾಗ ತಡಮಾಡದೆ ಪಶುವೈದ್ಯರ ಬಳಿ ಹೋಗಬೇಕು. ಮೊದಲ ಎರಡು ಮೂರು ವಾರಗಳಲ್ಲಿ ಸುಣ್ಣದಂತೆ ಬೆಳ್ಳಗೆ ಭೇದಿಯಾಗಿ ಮರಿಗಳು ಒಂದೊಂದಾಗಿ ಸತ್ತರೆ ಅದು ತಾಯಿಯಿಂದ ತತ್ತಿಯ ಮೂಲಕವೇ ಬರುವ ಬಿಳಿಭೇದಿ ಆಗಿರಬಹುದು. ಅದರಿಂದ ಬದುಕಿ ಉಳಿದ ಕೋಳಿಯ ತತ್ತಿಗಳನ್ನು ಕಾವಿಗೆ ಇಡಬಾರದು. ಮೂರು ವಾರ ದಾಟಿದ ಮರಿಗಳಲ್ಲಿ ಹಿಕ್ಕೆಯೊಡನೆ ರಕ್ತ ಕಂಡರೆ ರಕ್ತಭೇದಿ. ಒದ್ದೆಯಾದ ಹಾಸೇ ಇದರ ತವರು. ಬೇಗ ಔಷಧ ಕೊಡಿಸಿದರೆ ಗುಣವಾಗುತ್ತದೆ.

ಕುತ್ತಿಗೆ ತಿರುಚಿ, ಬಾಯಿ ತೆರೆದು ಉಸಿರೆಳೆದು, ಹಸಿರು ಭೇದಿಯಾಗಿ ಮರಿಗಳು ಸಾಲುಸಾಲಾಗಿ ಬಿದ್ದರೆ ಅದು ಕೊಕ್ಕರೆ ರೋಗ. ೧೯೨೬-೨೭ರ ಸುಮಾರಿಗೆ ಜಾವಾದಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿಕೊಂಡ ಈ ರೋಗವನ್ನು ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಗುರುತಿಸಿದ್ದರಿಂದ ರಾಣಿಖೇತ್ ರೋಗವೆಂದೂ ಹೆಸರಾಯಿತು. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಅರಿಷಿಣವಾಗಲಿ ಬಳ್ಳೊಳ್ಳಿಯಾಗಲಿ ಇದನ್ನು ತಡೆಯಲಾರವು. ಬರುವ ಮೊದಲು ಲಸಿಕೆಯುಂಟು. ಮರಿಗೆ ಐದರಿಂದ ಏಳು ದಿನಗಳಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕುತ್ತಾರೆ. ಸುಮಾರು ನಾಲ್ಕು ವಾರಕ್ಕೆ ಮತ್ತೊಮ್ಮೆ. ಆಗಲೇ ಕಾಯಿಲೆ ಬಿದ್ದ ಮರಿಗೆ ಲಸಿಕೆ ಹಾಕಿಸುವುದು ಸರಿಯಲ್ಲ. ತಾಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಪಶುಚಿಕಿತ್ಸೆಯ ಸಹಾಯವಾಣಿಯ ಸಂಖ್ಯೆ ೧೯೬೨.

ಮನೆಯವರಿಗೆಂದು ತಂದ ಗುಳಿಗೆಯನ್ನು ಅರ್ಧ ಮುರಿದು ಮರಿಗೆ ಅರೆದು ಕುಡಿಸುವ ಅಭ್ಯಾಸ ಒಳ್ಳೆಯದಲ್ಲ. ಪ್ರಮಾಣ ತಪ್ಪಿದರೆ ಮರಿ ಸಾಯುತ್ತದೆ. ಅಲ್ಲದೆ ಬೇಕಾಬಿಟ್ಟಿ ಬಳಸಿದ ಜೀವಿರೋಧಕ ಔಷಧಗಳಿಗೆ ಕ್ರಿಮಿಗಳು ಒಗ್ಗಿಹೋಗಿ ಮುಂದೆ ಮನುಷ್ಯನಿಗೇ ಆ ಔಷಧ ನಾಟದಂತಾಗುತ್ತದೆ. ಈ ಕಾರಣದಿಂದಲೇ ೨೦೧೯ರಲ್ಲಿ ಭಾರತ ಸರಕಾರವು ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮೊದಲಾದ ಆಹಾರಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತು.

ಮರಿಯನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆದೇ ಊಟಕ್ಕೆ ಕೂಡಬೇಕು. ಮರಿಯನ್ನು ಮುದ್ದಿಸಿ ಮುಖಕ್ಕೆ ಒತ್ತಿಕೊಳ್ಳಬಾರದು. ನೋಡಲು ಗಟ್ಟಿಯಾದ ಮರಿಯ ಹಿಕ್ಕೆಯಲ್ಲಿಯೂ ಹೊಟ್ಟೆ ಕೆಡಿಸುವ ಕ್ರಿಮಿಗಳು ಇರಬಹುದು. ಊರಿನಲ್ಲಿ ಕೋಳಿಗಳು ಒಮ್ಮೆಲೆ ರಾಶಿಯಾಗಿ ಸತ್ತರೆ ಮುಟ್ಟದೆ ಪಶುವೈದ್ಯರಿಗೆ ಸುದ್ದಿ ಕೊಡಬೇಕು. ೨೦೦೬ರ ಫೆಬ್ರುವರಿಯಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡುದನ್ನು ಹಿರಿಯರು ಮರೆತಿರಲಾರರು. ಸತ್ತ ಮರಿಯನ್ನು ಗಟಾರಕ್ಕೆ ಎಸೆಯದೆ, ಆಳವಾದ ತಗ್ಗಿನಲ್ಲಿ ಸುಣ್ಣ ಹಾಕಿ ಹೂಳುವುದು ನಮ್ಮ ಕರ್ತವ್ಯ.

ಇಷ್ಟೆಲ್ಲ ಮಾಡಿದರೂ ಬಡಮರಿಗಳೆಲ್ಲ ಬದುಕುತ್ತವೆಂದು ಹೇಳಲಾಗದು. ಒಂದು ಹಗಲು ರಾತ್ರಿ ಕಾವು ಕೊಟ್ಟರೂ ನೀರು ನುಂಗದ ಮರಿಯ ಆಸೆ ಕಡಿಮೆ. ಅದನ್ನು ಬೆಚ್ಚಗೆ, ಸದ್ದಿಲ್ಲದೆಡೆ ಇಡುವುದೇ ಆಗ ನಮ್ಮಿಂದಾಗುವ ಉಪಕಾರ. ಇನ್ನು ಮೊದಲ ವಾರವನ್ನು ದಾಟಿದ ಮರಿ ಬಹಳಮಟ್ಟಿಗೆ ಗೆದ್ದಂತೆಯೇ. ಐದಾರು ವಾರಕ್ಕೆ ತುಪ್ಪುಳ ಹೋಗಿ ಗರಿ ಮೂಡಿ, ಬಣ್ಣವೆಲ್ಲ ಉದುರಿ, ಬಿಳಿಯ ಹುಂಜವೊಂದು ಅಂಗಳದಲ್ಲಿ ಓಡಾಡತೊಡಗುತ್ತದೆ. ಆಗ ಮುಂಜಾನೆ ಅದರ ಕೂಗಿಗೆ ಇಡೀ ಓಣಿ ಏಳಬೇಕಾಗುವುದರಿಂದ, ನೆರೆಯವರ ಒಪ್ಪಿಗೆಯನ್ನು ಮೊದಲೇ ಪಡೆದಿರುವುದು ಒಳಿತು. ಮುಂದಿನ ಸಂತೆಯಲ್ಲಿ ಮಗು ಮರಿಗಾಗಿ ಹಟ ಹಿಡಿದರೆ, ಹೂಂ ಎನ್ನುವ ಮುನ್ನ ಮನೆಯಲ್ಲಿ ತಂತಿಯ ಬಲ್ಬೊಂದು ಇದೆಯೇ ಎಂಬುದನ್ನು ನೆನಪು ಮಾಡಿಕೊಳ್ಳಿರಿ.